ಕೆಲಸ ಬಿಡುವವರು, ಉಳಿಯುವವರು

1913ರಲ್ಲಿ ಅಮೆರಿಕದ ಡೆಟ್ರಾಯಿಟ್ ಪಕ್ಕದ ಹೈಲ್ಯಾಂಡ್ ಪಾರ್ಕ್‌ನಲ್ಲಿದ್ದ ಫೋರ್ಡ್ ಕಾರ್ಖಾನೆಗೆ ಬೇಕಾಗಿದ್ದದ್ದು ಸುಮಾರು 14,000 ಕೆಲಸಗಾರರು. ಅಷ್ಟು ಜನರನ್ನು ವರ್ಷವಿಡೀ ತುಂಬಿಸಿಡಲು ಕಂಪನಿ ನೇಮಿಸಿಕೊಂಡದ್ದು ಸುಮಾರು 52,000 ಮಂದಿಯನ್ನು. ಕೆಲಸ ಬಿಟ್ಟವರ ಪ್ರಮಾಣ ಶೇ 370. ಅಂದರೆ ಸರಾಸರಿ ಲೆಕ್ಕದಲ್ಲಿ ಪ್ರತಿಯೊಂದು ಜಾಗದಲ್ಲೂ ವರ್ಷಕ್ಕೆ ಮೂರು ನಾಲ್ಕು ಜನ ಬಂದು ಹೋಗುತ್ತಿದ್ದರು. ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಚಲಿಸುವ ಜೋಡಣಾ ಸಾಲು ಅದೇ ವರ್ಷ ಬಂದಿತ್ತು. ಒಂದು ಕಾರಿನ ಚಾಸಿ ಜೋಡಿಸಲು ಮೊದಲು ಹನ್ನೆರಡೂವರೆ ಗಂಟೆ ಹಿಡಿಯುತ್ತಿತ್ತು, ಹೊಸ ವಿಧಾನದಲ್ಲಿ ಒಂದೂವರೆ ಗಂಟೆಯಲ್ಲಿ ಮುಗಿಯತೊಡಗಿತು. ಕಾರ್ಖಾನೆಗೆ ಇದು ಲಾಭ. ಸಾಲಿನ ಮುಂದೆ ನಿಂತವನಿಗೆ ಮಾತ್ರ ದಿನವಿಡೀ ಅದೇ ಬೋಲ್ಟು, ಅದೇ ತಿರುವು, ವೇಗ ಬೇರೆ ಯಾರೋ ಗೊತ್ತುಮಾಡಿದ್ದು.

1914ರ ಜನವರಿ 5ರಂದು ಹೆನ್ರಿ ಫೋರ್ಡ್ ದಿನಗೂಲಿಯನ್ನು 5 ಡಾಲರಿಗೆ ಏರಿಸುವುದಾಗಿ ಘೋಷಿಸಿದ. ಅದು ಹಿಂದಿನ ಕೂಲಿಯ ಎರಡು ಪಟ್ಟಿಗೂ ಹೆಚ್ಚು. ಜೊತೆಗೆ ದಿನದ ಕೆಲಸ ಒಂಬತ್ತು ಗಂಟೆಯಿಂದ ಎಂಟಕ್ಕೆ ಇಳಿಯಿತು. ಬಿಟ್ಟುಹೋಗುವವರ ಪ್ರಮಾಣ 1914ರಲ್ಲಿ ಶೇ 54ಕ್ಕೆ, 1915ರಲ್ಲಿ ಶೇ 16ಕ್ಕೆ ಕುಸಿಯಿತು. ಸಂಬಳ ಸಾಕಷ್ಟಿದ್ದರೆ ಜನ ಉಳಿಯುತ್ತಾರೆ ಎನ್ನುವುದಕ್ಕೆ ಇಷ್ಟು ದೊಡ್ಡ ಪುರಾವೆ ಮತ್ತೆ ಸುಲಭಕ್ಕೆ ಸಿಗದು. ಉದ್ಯೋಗಿಗಳಿಗೆ ಸಂಸ್ಥೆ ಕೊಡಬೇಕಾದ ಬೆಂಬಲದ ಬಗ್ಗೆ ಬರೆದ ಎಷ್ಟೋ ಪುಸ್ತಕಗಳು ಈ ಸರಳ ಸಂಗತಿಯನ್ನು ಜಾಣತನದಿಂದ ದಾಟಿಹೋಗುತ್ತವೆ. ಕೂಲಿ ಕಡಿಮೆ ಇರುವಲ್ಲಿ ಒಳ್ಳೆಯ ಮಾತು ಅರ್ಧ ದಾರಿಯವರೆಗೆ ಮಾತ್ರ ಕೊಂಡೊಯ್ಯುತ್ತದೆ.

ಆದರೆ ಆ 5 ಡಾಲರಿನಲ್ಲಿ ಒಂದು ಗಂಟಿತ್ತು. ಅದರ ಅರ್ಧಕ್ಕೂ ಹೆಚ್ಚು ಭಾಗ ಲಾಭಾಂಶ, ಆರು ತಿಂಗಳು ದುಡಿದವರಿಗೆ ಮತ್ತು ‘ಯೋಗ್ಯ’ರಾಗಿ ಬಾಳುವವರಿಗೆ ಮಾತ್ರ. ಯೋಗ್ಯತೆ ಅಳೆಯಲು ಕಂಪನಿ ‘ಸಮಾಜಶಾಸ್ತ್ರ ವಿಭಾಗ’ ಎಂಬ ಒಂದು ವಿಭಾಗವನ್ನೇ ತೆರೆಯಿತು. ಅಲ್ಲಿನ ತನಿಖಾಧಿಕಾರಿಗಳು ಕೆಲಸಗಾರರ ಮನೆಗೆ ಹೋಗಿ ಕುಡಿತ, ಉಳಿತಾಯ, ಮನೆಯ ಶುಚಿತ್ವ ಎಲ್ಲವನ್ನೂ ವಿಚಾರಿಸುತ್ತಿದ್ದರು. ಕಾಳಜಿಯ ಹೆಸರಿನಲ್ಲಿ ಕಾವಲು. ಈ ಎರಡರ ನಡುವಿನ ಗೆರೆ ಇಂದಿಗೂ ತೆಳುವಾಗಿಯೇ ಇದೆ.

ಕೆಲಸಗಾರರು ಬಿಟ್ಟುಹೋದರೆ ಕಂಪನಿಗೆ ಆಗುವ ನಷ್ಟ ನೇಮಕಾತಿಯ ಜಾಹೀರಾತು, ತರಬೇತಿಯ ದಿನಗಳಲ್ಲಿ ಮುಗಿಯುವುದಿಲ್ಲ. ಬೆಂಗಳೂರಿನ ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿ ಕಡೆಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಯೊಳಗೆ ಹೋದರೆ ಇದು ಕಣ್ಣಿಗೇ ಕಾಣುತ್ತದೆ. ಹೊಲಿಗೆಯ ಒಂದು ‘ಲೈನ್’ ಎಂದರೆ ಸಾಮಾನ್ಯವಾಗಿ ಹತ್ತಾರು ಯಂತ್ರಗಳ ಸಾಲು. ಒಬ್ಬರು ಕಾಲರ್ ಹಚ್ಚುತ್ತಾರೆ, ಇನ್ನೊಬ್ಬರು ಕಫ್, ಮತ್ತೊಬ್ಬರು ಭುಜದ ಜೋಡಣೆ, ಕೊನೆಯ ಕಡೆ ಕಾಜಾ ಮತ್ತು ಗುಂಡಿ. ಬಟ್ಟೆಯ ತುಂಡುಗಳು ಕಟ್ಟುಕಟ್ಟಾಗಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸಾಗುತ್ತವೆ. ಗಂಟೆಗೆ ಎಷ್ಟು ಪೀಸ್ ಆಗಬೇಕು, ಎಷ್ಟಾಯಿತು ಎಂಬುದು ಲೈನಿನ ತುದಿಯ ಬೋರ್ಡಿನ ಮೇಲೆ ಬರೆದಿರುತ್ತದೆ. ಕಾಲರ್ ಹಚ್ಚುವ ಅನುಭವಿ ಟೈಲರ್ ಒಂದು ಸೋಮವಾರ ಬರಲಿಲ್ಲ ಎನ್ನೋಣ. ಹೆಲ್ಪರ್ ಒಬ್ಬಳನ್ನು ಆ ಯಂತ್ರಕ್ಕೆ ಕೂರಿಸುತ್ತಾರೆ. ಅವಳ ಮುಂದೆ ಕಟ್ಟುಗಳು ರಾಶಿ ಬೀಳುತ್ತವೆ, ಅವಳ ನಂತರದವರು ಕೈಕಟ್ಟಿ ಕೂರುತ್ತಾರೆ, ಬೋರ್ಡಿನ ಅಂಕಿ ಇಳಿಯುತ್ತದೆ, ಸೂಪರ್‌ವೈಸರ್ ದನಿ ಏರುತ್ತದೆ. ಸಂಜೆ ಹೊತ್ತಿಗೆ ಬೈಸಿಕೊಂಡ ಇನ್ನಿಬ್ಬರು ಬೇರೆ ಫ್ಯಾಕ್ಟರಿಯ ಗೇಟಿನಲ್ಲಿ ‘ಟೈಲರ್ ಬೇಕಾಗಿದ್ದಾರೆ’ ಎಂಬ ಬೋರ್ಡು ಇದೆಯೇ ಎಂದು ವಿಚಾರಿಸತೊಡಗುತ್ತಾರೆ. ಒಬ್ಬರು ಬಿಡುವುದು ಉಳಿದವರ ಕೆಲಸದ ಸ್ಥಿತಿಯನ್ನೇ ಬದಲಿಸಿಬಿಡುತ್ತದೆ. ಬಿಡುವಿಕೆ ಬಿಡುವಿಕೆಯನ್ನು ಹುಟ್ಟಿಸುತ್ತದೆ.

ಹಾಗಾದರೆ ಬೆಂಬಲ ಎಂದರೆ ಏನು? ಮನಶ್ಶಾಸ್ತ್ರಜ್ಞ ರಾಬರ್ಟ್ ಐಸೆನ್‌ಬರ್ಗರ್ ಮತ್ತು ಸಂಗಡಿಗರು 1986ರಲ್ಲಿ ಇದಕ್ಕೊಂದು ಅಳತೆ ಕೊಟ್ಟರು. ಅವರು ಸಂಸ್ಥೆ ಏನು ಕೊಟ್ಟಿದೆ ಎಂಬ ಪಟ್ಟಿ ಮಾಡಲಿಲ್ಲ. ‘ಈ ಸಂಸ್ಥೆ ನನ್ನ ದುಡಿಮೆಗೆ ಬೆಲೆ ಕೊಡುತ್ತದೆ, ನನ್ನ ಒಳಿತು ಅದಕ್ಕೆ ಮುಖ್ಯ’ ಎಂಬ ನಂಬಿಕೆ ಉದ್ಯೋಗಿಯಲ್ಲಿ ಎಷ್ಟಿದೆ ಎಂದು ಕೇಳಿದರು. ನಂತರದ ದಶಕಗಳಲ್ಲಿ ನಡೆದ ನೂರಾರು ಅಧ್ಯಯನಗಳಲ್ಲಿ ಈ ನಂಬಿಕೆ ಹೆಚ್ಚಿದ್ದವರಲ್ಲಿ ಕೆಲಸದ ತೃಪ್ತಿ ಹೆಚ್ಚು, ಬಿಡುವ ಯೋಚನೆ ಕಡಿಮೆ ಎಂಬುದು ಕಂಡುಬಂದಿದೆ. ಈ ಸಿದ್ಧಾಂತದಲ್ಲಿ ಎರಡು ಸೂಕ್ಷ್ಮಗಳಿವೆ. ಮೊದಲನೆಯದು, ಕಾನೂನಿಗೋ ಒತ್ತಡಕ್ಕೋ ಮಣಿದು ಕೊಟ್ಟ ಸೌಲಭ್ಯಕ್ಕಿಂತ ಸ್ವಇಚ್ಛೆಯಿಂದ ಕೊಟ್ಟದ್ದನ್ನು ಜನ ಬೆಂಬಲವೆಂದು ಓದುತ್ತಾರೆ. ಎರಡನೆಯದು, ಉದ್ಯೋಗಿಯ ಪಾಲಿಗೆ ಸಂಸ್ಥೆ ಎಂದರೆ ನೆತ್ತಿಯ ಮೇಲಿರುವ ಆಡಳಿತ ಮಂಡಳಿಯಲ್ಲ, ದಿನಾ ಎದುರಿಗೆ ಬರುವ ಮೇಲ್ವಿಚಾರಕ. ಮಗುವಿಗೆ ಜ್ವರ ಎಂದು ರಜೆ ಕೇಳಿದಾಗ ಅವರ ಮುಖದಲ್ಲಿ ಏನು ಕಾಣುತ್ತದೋ ಅದೇ ಕಂಪನಿಯ ನೀತಿ.

ಈ ನಂಬಿಕೆ ಮನಸ್ಸಿನಲ್ಲಷ್ಟೇ ಉಳಿಯದೆ ದೇಹಕ್ಕೂ ಇಳಿಯುತ್ತದೆ. 1979ರಲ್ಲಿ ಅಮೆರಿಕದ ರಾಬರ್ಟ್ ಕರಾಸೆಕ್ ಒಂದು ಸರಳ ಮಾದರಿ ಮುಂದಿಟ್ಟರು. ಕೆಲಸದ ಹೊರೆಯೊಂದೇ ಮನುಷ್ಯನನ್ನು ಕುಗ್ಗಿಸುವುದಿಲ್ಲ. ಹೊರೆ ಹೆಚ್ಚಿದ್ದು, ಅದನ್ನು ಹೇಗೆ, ಯಾವಾಗ ಮಾಡಬೇಕೆಂಬ ಅಧಿಕಾರ ಕೈಯಲ್ಲಿಲ್ಲದಿದ್ದಾಗ ಒತ್ತಡ ರೋಗವಾಗುತ್ತದೆ. ಶಸ್ತ್ರಚಿಕಿತ್ಸಕನ ಹೊರೆಯೂ ದೊಡ್ಡದೇ, ಆದರೆ ಚಾಕು ಅವನ ಕೈಯಲ್ಲಿದೆ. 1988ರಲ್ಲಿ ಜೆಫ್ರಿ ಜಾನ್ಸನ್ ಮತ್ತು ಎಲೆನ್ ಹಾಲ್ ಸ್ವೀಡನ್ನಿನ 13,000ಕ್ಕೂ ಹೆಚ್ಚು ಉದ್ಯೋಗಿಗಳ ಮಾಹಿತಿ ಹಿಡಿದು ಇದಕ್ಕೆ ಮೂರನೆಯ ಅಂಶ ಸೇರಿಸಿದರು: ಸಹೋದ್ಯೋಗಿಗಳ ಆಸರೆ. ಹೊರೆ ಹೆಚ್ಚು, ಹಿಡಿತ ಕಡಿಮೆ, ಜೊತೆಗೆ ಮಾತಾಡಲೂ ಯಾರಿಲ್ಲ ಎಂಬ ಸ್ಥಿತಿಯಲ್ಲಿದ್ದವರಲ್ಲಿ ಹೃದಯ ಮತ್ತು ರಕ್ತನಾಳಗಳ ಕಾಯಿಲೆ ಹೆಚ್ಚಾಗಿತ್ತು.

ಇದಕ್ಕೆ ದೊಡ್ಡ ಪುರಾವೆ ಬಂದದ್ದು ಲಂಡನ್ನಿನ ಸರ್ಕಾರಿ ಕಚೇರಿಗಳಿಂದ. ಮೈಕಲ್ ಮಾರ್ಮಟ್ ನೇತೃತ್ವದಲ್ಲಿ 1985ರಲ್ಲಿ ಶುರುವಾದ ಎರಡನೆಯ ವೈಟ್‌ಹಾಲ್ ಅಧ್ಯಯನ 10,308 ಸರ್ಕಾರಿ ನೌಕರರನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಇವರಲ್ಲಿ ಯಾರೂ ಕಡುಬಡವರಲ್ಲ, ಎಲ್ಲರಿಗೂ ಸಾರ್ವಜನಿಕ ಆಸ್ಪತ್ರೆಯ ಉಚಿತ ಚಿಕಿತ್ಸೆ ಇತ್ತು. ಆದರೂ ಹುದ್ದೆ ಕೆಳಗಿಳಿದಂತೆ ಹೃದ್ರೋಗ ಹೆಚ್ಚುತ್ತಿತ್ತು. ‘ದೊಡ್ಡ ಸಾಹೇಬರಿಗೆ ಟೆನ್ಶನ್ ಜಾಸ್ತಿ, ಅದಕ್ಕೇ ಹಾರ್ಟ್ ಅಟ್ಯಾಕ್’ ಎಂಬ ಲೋಕರೂಢಿಯ ಮಾತು ತಲೆಕೆಳಗಾಯಿತು. ಧೂಮಪಾನ, ರಕ್ತದೊತ್ತಡದಂಥ ಪರಿಚಿತ ಕಾರಣಗಳು ಈ ಅಂತರದ ಒಂದು ಭಾಗವನ್ನು ಮಾತ್ರ ವಿವರಿಸಿದವು. ಉಳಿದದ್ದರಲ್ಲಿ ಬಹುಪಾಲು ಕೆಲಸದ ಮೇಲಿನ ಹಿಡಿತಕ್ಕೆ ತಳುಕು ಹಾಕಿಕೊಂಡಿತ್ತು.

ದೇಹದೊಳಗೆ ನಡೆಯುವುದು ಹೀಗೆ. ಬೆದರಿಕೆ ಕಂಡಾಗ ಮಿದುಳು ಅಡ್ರಿನಲ್ ಗ್ರಂಥಿಗೆ ಸೂಚನೆ ಕೊಡುತ್ತದೆ, ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಸುರಿಯುತ್ತವೆ, ನಾಡಿ ಏರುತ್ತದೆ, ರಕ್ತಕ್ಕೆ ಸಕ್ಕರೆ ಸೇರುತ್ತದೆ. ನಾಯಿ ಅಟ್ಟಿಸಿಕೊಂಡು ಬಂದರೆ ಇದರಿಂದ ಜೀವ ಉಳಿಯುತ್ತದೆ. ಬೆದರಿಕೆ ವರ್ಷಗಟ್ಟಲೆ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಹಾಜರಾದರೆ ಅದೇ ವ್ಯವಸ್ಥೆ ನಿದ್ರೆ, ರಕ್ತದೊತ್ತಡ, ರೋಗನಿರೋಧಕ ಶಕ್ತಿ ಮೂರನ್ನೂ ಸವೆಸುತ್ತದೆ. ನೆರವಿಗೆ ಯಾರೋ ಇದ್ದಾರೆ ಎಂಬ ಅರಿವಿದ್ದಾಗ ಬೆದರಿಕೆ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ಬೆಂಬಲ ಕೆಲಸ ಮಾಡುವುದು ಈ ಹಂತದಲ್ಲಿ.

ಕೈಗಾರಿಕಾ ಮನಶ್ಶಾಸ್ತ್ರದ ಪಠ್ಯಗಳು ಬೆಂಬಲದ ಈ ಕಥೆಯನ್ನು ಸಾಮಾನ್ಯವಾಗಿ ಷಿಕಾಗೊ ಬಳಿಯ ಹಾಥಾರ್ನ್ ಕಾರ್ಖಾನೆಯಿಂದ ಶುರುಮಾಡುತ್ತವೆ. 1924ರಿಂದ 1932ರವರೆಗೆ ಅಲ್ಲಿ ಬೆಳಕು, ವಿರಾಮ, ಕೆಲಸದ ಅವಧಿ ಬದಲಿಸಿ ಪ್ರಯೋಗಗಳು ನಡೆದವು. ಪ್ರತ್ಯೇಕ ಕೋಣೆಯಲ್ಲಿ ಕೂತು ಟೆಲಿಫೋನ್ ರಿಲೇ ಜೋಡಿಸುತ್ತಿದ್ದ ಐವರು ಯುವತಿಯರ ಉತ್ಪಾದನೆ ಏನೇ ಬದಲಿಸಿದರೂ ಏರುತ್ತಲೇ ಹೋಯಿತು, ತಮ್ಮ ಕಡೆ ಯಾರೋ ಗಮನ ಕೊಡುತ್ತಿದ್ದಾರೆ ಎಂಬುದೇ ಅದಕ್ಕೆ ಕಾರಣ ಎಂದು ಎಲ್ಟನ್ ಮೇಯೊ ಪ್ರಚುರಪಡಿಸಿದರು. ಕಥೆ ಚೆನ್ನಾಗಿದೆ. ಆದರೆ ಆ ಐವರಲ್ಲಿ ಇಬ್ಬರನ್ನು ಸಹಕರಿಸುತ್ತಿಲ್ಲ, ಮಾತು ಜಾಸ್ತಿ ಎಂದು 1928ರ ಜನವರಿಯಲ್ಲಿ ಬದಲಾಯಿಸಲಾಗಿತ್ತು. ಐವರ ಪ್ರಯೋಗದಲ್ಲಿ ಇಬ್ಬರನ್ನು ಬದಲಿಸಿದ ಮೇಲೆ ಅದರಿಂದ ಏನನ್ನಾದರೂ ಸಾಬೀತು ಮಾಡುವುದು ಕಷ್ಟ. ಬೆಳಕಿನ ಪ್ರಯೋಗದ ಮೂಲ ಅಂಕಿ ಅಂಶಗಳನ್ನು ಸ್ಟೀವನ್ ಲೆವಿಟ್ ಮತ್ತು ಜಾನ್ ಲಿಸ್ಟ್ 2011ರಲ್ಲಿ ಮತ್ತೆ ಜಾಲಾಡಿದಾಗ ಪಠ್ಯಗಳು ಹೇಳುವ ಆ ದೊಡ್ಡ ಪರಿಣಾಮ ಅಲ್ಲಿ ಸಿಗಲಿಲ್ಲ.

ಅದಕ್ಕಿಂತ ಗಟ್ಟಿಯಾದ ಪುರಾವೆ ಆಸ್ಪತ್ರೆಗಳಲ್ಲಿದೆ. 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ನರ್ಸ್‌ಗಳ ಕೊರತೆ ತೀವ್ರವಾಗಿತ್ತು. ಆದರೆ ಕೆಲವು ಆಸ್ಪತ್ರೆಗಳಿಗೆ ಆ ಕೊರತೆ ತಟ್ಟಿರಲಿಲ್ಲ. ಅಮೆರಿಕನ್ ಅಕಾಡೆಮಿ ಆಫ್ ನರ್ಸಿಂಗ್ ಇಂಥ ಆಸ್ಪತ್ರೆಗಳನ್ನು ಅಧ್ಯಯನ ಮಾಡಿ 1983ರಲ್ಲಿ 41 ಆಸ್ಪತ್ರೆಗಳನ್ನು ಗುರುತಿಸಿತು, ನರ್ಸ್‌ಗಳನ್ನು ಅಯಸ್ಕಾಂತದಂತೆ ಸೆಳೆಯುತ್ತವೆ ಎಂದು ಅವಕ್ಕೆ ‘ಮ್ಯಾಗ್ನೆಟ್’ ಆಸ್ಪತ್ರೆಗಳೆಂಬ ಹೆಸರು ಬಿತ್ತು. ಅಲ್ಲಿ ನರ್ಸ್‌ಗಳಿಗೆ ತಮ್ಮ ವಾರ್ಡಿನ ಕೆಲಸದ ಬಗ್ಗೆ ತೀರ್ಮಾನ ತೆಗೆದುಕೊಳ್ಳುವ ಅಧಿಕಾರವಿತ್ತು, ವೈದ್ಯರು ಅವರ ಮಾತಿಗೆ ಕಿವಿಗೊಡುತ್ತಿದ್ದರು, ನರ್ಸಿಂಗ್ ಮುಖ್ಯಸ್ಥೆಗೆ ಆಡಳಿತದಲ್ಲಿ ಸ್ಥಾನವಿತ್ತು. ಇಂಥ ಆಸ್ಪತ್ರೆಗಳಲ್ಲಿ ರೋಗಿಗಳ ಸಾವಿನ ಪ್ರಮಾಣವೂ ಕಡಿಮೆ ಎಂದು ಲಿಂಡಾ ಏಕನ್ ತಂಡ 1994ರಲ್ಲಿ ತೋರಿಸಿತು. ಅದೇ ತಂಡ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಮೇಲೆ ಮಾಡಿ 2002ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ನೇರವಾಗಿದೆ. ಒಬ್ಬ ನರ್ಸ್ ನೋಡಿಕೊಳ್ಳಬೇಕಾದ ರೋಗಿಗಳಲ್ಲಿ ಒಬ್ಬರು ಹೆಚ್ಚಾದರೆ ಆ ನರ್ಸ್ ಬರ್ನ್‌ಔಟ್‌ಗೆ (ಕೆಲಸದಿಂದ ಪೂರ್ತಿ ಬಸವಳಿಯುವ ಸ್ಥಿತಿಗೆ) ಒಳಗಾಗುವ ಸಂಭವ ಶೇ 23ರಷ್ಟು, ಶಸ್ತ್ರಚಿಕಿತ್ಸೆಯಾದ ರೋಗಿ ಮೂವತ್ತು ದಿನಗಳೊಳಗೆ ಸಾಯುವ ಸಂಭವ ಶೇ 7ರಷ್ಟು ಏರುತ್ತಿತ್ತು. ದುಡಿಯುವವರ ದಣಿವು ಅವರಲ್ಲೇ ನಿಲ್ಲುವುದಿಲ್ಲ.

ಆಸ್ಪತ್ರೆಗಳಲ್ಲೇ ಸಂಶೋಧಕಿ ಏಮಿ ಎಡ್ಮಂಡ್‌ಸನ್‌ಗೆ ಇನ್ನೊಂದು ವಿಚಿತ್ರ ಕಂಡಿತು. ಒಳ್ಳೆಯ ತಂಡಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳು ಕಡಿಮೆ ಇರುತ್ತವೆ ಎಂದುಕೊಂಡು ಅವರು ಹುಡುಕಲು ಹೊರಟಿದ್ದರು. ಲೆಕ್ಕದಲ್ಲಿ ಅವೇ ತಂಡಗಳ ತಪ್ಪುಗಳು ಹೆಚ್ಚು ಬಂದವು! ಬಗೆದು ನೋಡಿದಾಗ ತಿಳಿದದ್ದು, ಅಲ್ಲಿ ತಪ್ಪನ್ನು ಬಾಯಿಬಿಟ್ಟು ಹೇಳಲು ಯಾರೂ ಹೆದರುತ್ತಿರಲಿಲ್ಲ. ಉಳಿದ ಕಡೆ ತಪ್ಪುಗಳು ಮುಚ್ಚಿಹೋಗುತ್ತಿದ್ದವು. ಹೆದರದೆ ಮಾತಾಡಬಹುದಾದ ಈ ವಾತಾವರಣವನ್ನು ಅವರು 1999ರಲ್ಲಿ ‘ಮಾನಸಿಕ ಸುರಕ್ಷತೆ’ ಎಂದು ಕರೆದರು.

ಬಾಯಿಬಿಡುವುದಕ್ಕೂ ಕೆಲಸ ಬಿಡುವುದಕ್ಕೂ ಇರುವ ನಂಟನ್ನು ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲೇ ಗುರುತಿಸಿದ್ದರು. ಅತೃಪ್ತಿಯಾದವರ ಮುಂದೆ ಇರುವುದು ಎರಡು ದಾರಿ, ಎದ್ದು ಹೋಗುವುದು ಅಥವಾ ದನಿ ಎತ್ತುವುದು. ಎರಡನೆಯದನ್ನು ಮುಚ್ಚಿದರೆ ಮೊದಲನೆಯದು ತಾನಾಗಿ ತೆರೆದುಕೊಳ್ಳುತ್ತದೆ. ರಿಚರ್ಡ್ ಫ್ರೀಮನ್ ಮತ್ತು ಜೇಮ್ಸ್ ಮೆಡಾಫ್ 1984ರಲ್ಲಿ ಇದೇ ತರ್ಕದಿಂದ ಕಾರ್ಮಿಕ ಸಂಘಗಳನ್ನು ನೋಡಿ, ಸಂಘಗಳಿರುವ ಕಡೆ ಕೆಲಸ ಬಿಡುವವರು ಕಡಿಮೆ ಎಂದು ತೋರಿಸಿದರು. ಸಂಬಳದ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಇದು ನಿಜವಾಗಿತ್ತು. ಸಂಘ ಎಂದರೆ ಮೂಗು ಮುರಿಯುವ ಮಾಲೀಕರಿಗೆ ಈ ಸಂಗತಿ ಅಷ್ಟಾಗಿ ರುಚಿಸಿಲ್ಲ.

ಭಾರತದ ಗಾರ್ಮೆಂಟ್ಸ್ ಕೆಲಸಗಾರರ ಮೇಲೆ ಅಚ್ಯುತ ಅಧ್ವರ್ಯು, ಅನಂತ್ ನ್ಯಶಾಧಮ್ ಮತ್ತು ಸಹಲೇಖಕರು ನಡೆಸಿದ ಒಂದು ಪ್ರಯೋಗ ಹರ್ಷ್‌ಮನ್ ಮಾತನ್ನು ನೇರ ಪರೀಕ್ಷೆಗೆ ಒಡ್ಡಿತು. ಸಂಬಳ ಏರಿಕೆ ಬಂದಿತ್ತು, ಆದರೆ ಕೆಲಸಗಾರರು ನಿರೀಕ್ಷಿಸಿದ್ದಷ್ಟು ಬಂದಿರಲಿಲ್ಲ. ಆ ಹೊತ್ತಿನಲ್ಲಿ ಲಾಟರಿಯ ಹಾಗೆ ಕೆಲವರನ್ನು ಆಯ್ದು, ಹೆಸರು ಹೇಳದೆ ತುಂಬಬಹುದಾದ ಪ್ರಶ್ನಾವಳಿ ಕೊಟ್ಟರು. ಕೆಲಸ ಹೇಗಿದೆ, ಸೂಪರ್‌ವೈಸರ್ ಹೇಗೆ, ತೃಪ್ತಿ ಇದೆಯೇ, ಇಷ್ಟೇ ಪ್ರಶ್ನೆಗಳು. ಯಾರಿಗೂ ಒಂದು ಪೈಸೆ ಹೆಚ್ಚು ಸಿಗಲಿಲ್ಲ. ಆದರೂ ಮುಂದಿನ ತಿಂಗಳುಗಳಲ್ಲಿ ಪ್ರಶ್ನಾವಳಿ ಸಿಕ್ಕವರಲ್ಲಿ ಕೆಲಸ ಬಿಟ್ಟವರೂ ಕಡಿಮೆ, ಗೈರುಹಾಜರಿಯೂ ಕಡಿಮೆ. ಹೆಚ್ಚು ನಿರಾಶರಾಗಿದ್ದವರಲ್ಲೇ ಈ ಪರಿಣಾಮ ಎದ್ದು ಕಂಡಿತು. ಇದನ್ನು ಓದಿ ಸಂಬಳದ ಬದಲು ಪ್ರಶ್ನಾವಳಿ ಹಂಚಲು ಹೊರಡುವ ಮ್ಯಾನೇಜರುಗಳು ಇರಬಹುದು. ಕೇಳಿಸಿಕೊಂಡದ್ದಕ್ಕೆ ಫಲವೇನೂ ಕಾಣದೆ ಹೋದರೆ ಎರಡನೆಯ ಬಾರಿ ಅದೇ ಕಾಗದ ಅದೇ ಪರಿಣಾಮ ಬೀರುತ್ತದೆಂದು ನಂಬಲು ಆಧಾರವಿಲ್ಲ.

ಅಧ್ವರ್ಯು, ನ್ಯಶಾಧಮ್ ಮತ್ತು ನಮ್ರತಾ ಕಲಾ ಬೆಂಗಳೂರಿನ ಹೊಲಿಗೆ ಘಟಕಗಳಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಿದರು. ವಿದ್ಯುತ್ ಉಳಿಸಲೆಂದು ಹಳೆಯ ಟ್ಯೂಬ್‌ಲೈಟುಗಳ ಜಾಗಕ್ಕೆ ಎಲ್‌ಇಡಿ ದೀಪಗಳು ಬಂದಿದ್ದವು. ಎಲ್‌ಇಡಿ ಕಡಿಮೆ ಶಾಖ ಹೊಮ್ಮಿಸುತ್ತದೆ. ಹೊರಗೆ ಬಿಸಿಲೇರಿದ ದಿನಗಳಲ್ಲಿ ಉತ್ಪಾದನೆಗೆ ಬೀಳುತ್ತಿದ್ದ ಹೊಡೆತದ ಸುಮಾರು ಶೇ 85 ಭಾಗ ಈ ಬದಲಾವಣೆಯಿಂದ ಇಲ್ಲವಾಯಿತು. ಹೊಲಿಗೆ ಯಂತ್ರದ ಮೇಲೆ ಬಗ್ಗಿ ಕೂತವರ ತಲೆಯ ಮೇಲೇ ಸಾಲುಸಾಲು ದೀಪಗಳಿರುತ್ತವೆ ಎಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ. ಬೆಂಬಲ ಎಂದಕೂಡಲೇ ಮಾತು, ಮನಸ್ಸು ಎಂದು ಯೋಚಿಸುವವರು ಗಾಳಿ, ಬೆಳಕು, ಶೌಚಾಲಯ, ಕುಡಿಯುವ ನೀರನ್ನು ಮರೆತುಬಿಡುತ್ತಾರೆ.

ಕಚೇರಿ ಕೆಲಸದ ಬಗ್ಗೆ ಹೆಚ್ಚು ಚರ್ಚೆಯಾದ ಪ್ರಯೋಗ ನಡೆದದ್ದು ಚೀನಾದಲ್ಲಿ. ಪ್ರವಾಸದ ಟಿಕೆಟ್, ಹೋಟೆಲ್ ಕಾಯ್ದಿರಿಸುವ ಸೀಟ್ರಿಪ್ ಕಂಪನಿಯ ಶಾಂಘೈ ಕಾಲ್ ಸೆಂಟರಿನಲ್ಲಿ ನಿಕೋಲಸ್ ಬ್ಲೂಮ್ ತಂಡ 2010ರ ಕೊನೆಯಿಂದ ಒಂಬತ್ತು ತಿಂಗಳು ಒಂದು ಪರೀಕ್ಷೆ ನಡೆಸಿತು. ಮನೆಯಿಂದ ಕೆಲಸ ಮಾಡಲು ಒಪ್ಪಿದವರಲ್ಲಿ ಹುಟ್ಟಿದ ತಾರೀಖು ಸಮಸಂಖ್ಯೆ ಇದ್ದವರಿಗೆ ವಾರಕ್ಕೆ ನಾಲ್ಕು ದಿನ ಮನೆ, ಉಳಿದವರಿಗೆ ಕಚೇರಿ. ಮನೆಯಲ್ಲಿದ್ದವರ ಕೆಲಸ ಶೇ 13 ಹೆಚ್ಚಿತು, ಕೆಲಸ ಬಿಡುವವರ ಪ್ರಮಾಣ ಅರ್ಧಕ್ಕಿಳಿಯಿತು. ಕುತೂಹಲದ ಸಂಗತಿ ಬಂದದ್ದು ಪ್ರಯೋಗ ಮುಗಿದ ಮೇಲೆ. ಎಲ್ಲಿ ಬೇಕಾದರೂ ಕೆಲಸ ಮಾಡಿ ಎಂದಾಗ ಅರ್ಧಕ್ಕೂ ಹೆಚ್ಚು ಜನ ತಮ್ಮ ಜಾಗ ಬದಲಿಸಿಕೊಂಡರು. ಮನೆಯಲ್ಲಿ ಒಬ್ಬಂಟಿತನ ಕಾಡಿದವರು ಕಚೇರಿಗೆ ಮರಳಿದರು. ಹೀಗೆ ಅವರವರೇ ಆರಿಸಿಕೊಂಡ ಮೇಲೆ ಕೆಲಸದಲ್ಲಿನ ಹೆಚ್ಚಳ ಶೇ 22ಕ್ಕೆ ಏರಿತು. ಮನೆಯೋ ಕಚೇರಿಯೋ ಎಂಬುದಕ್ಕಿಂತ ಆಯ್ಕೆ ಯಾರ ಕೈಯಲ್ಲಿದೆ ಎಂಬುದು ಮುಖ್ಯವಾಗಿತ್ತು. ಕರಾಸೆಕ್ ಹೇಳಿದ ಹಿಡಿತವೇ ಇಲ್ಲಿ ಬೇರೆ ವೇಷದಲ್ಲಿ ಬಂದಿದೆ. ಅದೇ ಕಂಪನಿಯ 1,612 ಪದವೀಧರ ಉದ್ಯೋಗಿಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಲು ಬಿಟ್ಟಾಗ ಬಿಡುವಿಕೆ ಮೂರನೇ ಒಂದರಷ್ಟು ಇಳಿಯಿತು. ಬಡ್ತಿಯಲ್ಲಾಗಲಿ ಕೆಲಸದ ಮೌಲ್ಯಮಾಪನದಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಹೆಚ್ಚು ಉಳಿದವರು ಮಹಿಳೆಯರು, ಮ್ಯಾನೇಜರ್ ಅಲ್ಲದವರು ಮತ್ತು ದೂರದಿಂದ ಬರುವವರು. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ವಾಹನದಟ್ಟಣೆ ದಾಟಿ ಕೆಲಸಕ್ಕೆ ಹೋಗುವವರಿಗೆ ಈ ಕೊನೆಯ ಅಂಶವನ್ನು ವಿವರಿಸಬೇಕಾಗಿಲ್ಲ.

ಇದಕ್ಕೆ ಹೋಲಿಸಿದರೆ ಕಂಪನಿಗಳು ಪ್ರೀತಿಯಿಂದ ಹಣ ಸುರಿಯುವ ಇನ್ನೊಂದು ಬಗೆಯ ‘ಬೆಂಬಲ’ದ ಫಲಿತಾಂಶ ಪೇಲವ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಸುಮಾರು 5,000 ಉದ್ಯೋಗಿಗಳನ್ನು ಲಾಟರಿಯಿಂದ ವಿಂಗಡಿಸಿ ಕೆಲವರಿಗೆ ಆರೋಗ್ಯ ಕಾರ್ಯಕ್ರಮ ಕೊಟ್ಟು ನೋಡಿದರು. ವೈದ್ಯಕೀಯ ವೆಚ್ಚ, ಗೈರುಹಾಜರಿಗಳಲ್ಲಿ ಗಮನಿಸುವಂಥ ಬದಲಾವಣೆ ಬರಲಿಲ್ಲ. ಕಾರ್ಯಕ್ರಮಕ್ಕೆ ಸೇರಿಕೊಂಡವರ ವೈದ್ಯಕೀಯ ವೆಚ್ಚ ಮೊದಲಿನಿಂದಲೇ ಕಡಿಮೆ ಇತ್ತು. ಬ್ರಿಟನ್ನಿನ 46,000ಕ್ಕೂ ಹೆಚ್ಚು ಉದ್ಯೋಗಿಗಳ ಮಾಹಿತಿಯನ್ನು ಪರಿಶೀಲಿಸಿ ವಿಲಿಯಂ ಫ್ಲೆಮಿಂಗ್ 2024ರಲ್ಲಿ ಪ್ರಕಟಿಸಿದ ಅಧ್ಯಯನವೂ ಹೆಚ್ಚು ಕಡಿಮೆ ಅದನ್ನೇ ಹೇಳುತ್ತದೆ. ಒತ್ತಡ ನಿರ್ವಹಣೆಯ ತರಗತಿ, ಧ್ಯಾನದ ಆ್ಯಪ್, ಇವುಗಳಲ್ಲಿ ಭಾಗವಹಿಸಿದವರ ನೆಮ್ಮದಿ ಭಾಗವಹಿಸದವರಿಗಿಂತ ಹೆಚ್ಚಿರಲಿಲ್ಲ. ಸಂಜೆ ಆರಕ್ಕೆ ಯೋಗ ತರಗತಿ ಇಟ್ಟು, ಏಳಕ್ಕೆ ಕ್ಲೈಂಟ್ ಕಾಲ್ ಇಟ್ಟುಕೊಂಡರೆ ಉಸಿರಾಟದಿಂದ ಸರಿಹೋಗುವುದು ಎಷ್ಟು? ಇಂಥ ಕಾರ್ಯಕ್ರಮಗಳು ಉದ್ಯೋಗಿಯನ್ನು ಬದಲಿಸಲು ಹೊರಡುತ್ತವೆ, ಕೆಲಸವನ್ನು ಇದ್ದ ಹಾಗೇ ಬಿಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು ಕಾಯಿಲೆಯೆಂದು ಕರೆಯದೆ ‘ಔದ್ಯೋಗಿಕ ವಿದ್ಯಮಾನ’ ಎಂದು ವರ್ಗೀಕರಿಸಿದ್ದು ಇಲ್ಲಿ ಗಮನಾರ್ಹ. ಅದರ ಬೇರು ಕೆಲಸದಲ್ಲಿದೆ ಎಂಬ ಒಪ್ಪಿಗೆ ಅದು.

ಉಳಿಯುವುದೆಲ್ಲ ನೆಮ್ಮದಿಯ ಗುರುತೂ ಅಲ್ಲ. ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಂಡು, ಎರಡು ವರ್ಷದ ಬಾಂಡ್ ಬರೆಸಿಕೊಂಡು ಉದ್ಯೋಗಿಗಳನ್ನು ಹಿಡಿದಿಡುವ ಸಂಸ್ಥೆಗಳು ಇವೆ. ಅವುಗಳ ಬಿಡುವಿಕೆಯ ಅಂಕಿ ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ತದ್ವಿರುದ್ಧವಾಗಿ, ಬಿಡುವುದೆಲ್ಲ ಕೆಲಸದ ಮೇಲಿನ ಅತೃಪ್ತಿಯ ಗುರುತೂ ಅಲ್ಲ. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯಲ್ಲಿ (ಪಿಎಫ್) ಮಾಲೀಕರು ಕಟ್ಟಿದ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸಗಾರರು, ಬಹುಪಾಲು ಮಹಿಳೆಯರು, ಸಾವಿರಾರು ಸಂಖ್ಯೆಯಲ್ಲಿ ಹೊಸೂರು ರಸ್ತೆಗಿಳಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ನಿಯಮವನ್ನು ಹಿಂದಕ್ಕೆ ಪಡೆಯಿತು. ಪಿಎಫ್ ಅವರಿಗೆ ಮುಪ್ಪಿನ ಆಸರೆಯಷ್ಟೇ ಆಗಿರಲಿಲ್ಲ. ಮಗಳ ಮದುವೆಗೆ, ಆಸ್ಪತ್ರೆಯ ಬಿಲ್ಲಿಗೆ, ಮನೆಯ ಲೀಸಿಗೆ ಒಟ್ಟಿಗೆ ಸಿಗುವ ಹಣ ಅದೊಂದೇ ಆಗಿತ್ತು, ಅದು ಪೂರ್ತಿ ಕೈಗೆ ಬರಬೇಕೆಂದರೆ ಕೆಲಸ ಬಿಡಬೇಕಿತ್ತು. ಬೇರೆಡೆ ಸಾಲವೋ ಮುಂಗಡವೋ ಸುಲಭಕ್ಕೆ ಹುಟ್ಟದವರ ಪಾಲಿಗೆ ರಾಜೀನಾಮೆಯೇ ಬ್ಯಾಂಕು. ಮೇಲ್ವಿಚಾರಕರಿಗೆ ನಯವಾಗಿ ಮಾತಾಡಲು ಎಷ್ಟೇ ಕಲಿಸಿದರೂ ಇಂಥ ಬಿಡುವಿಕೆ ನಿಲ್ಲದು.

ಕಾನೂನಿನ ಬೆಂಬಲದ ಕಥೆಯೂ ಹೀಗೇ ವಿವರಗಳಲ್ಲಿ ಸಿಕ್ಕಿಕೊಳ್ಳುತ್ತದೆ. 1948ರ ಕಾರ್ಖಾನೆ ಕಾಯ್ದೆ, 1976ರ ತಿದ್ದುಪಡಿಯ ನಂತರ, 30ಕ್ಕಿಂತ ಹೆಚ್ಚು ಮಹಿಳಾ ಕೆಲಸಗಾರರಿರುವಲ್ಲಿ ಶಿಶುಪಾಲನಾ ಕೊಠಡಿ ಇರಲೇಬೇಕೆಂದಿತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ವೇತನಸಹಿತ ರಜೆಯನ್ನು 26 ವಾರಗಳಿಗೆ ಏರಿಸಿತು, 50 ಅಥವಾ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆಗಳಿಗೆ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯ ಮಾಡಿತು, ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಲು ಅವಕಾಶ ಕೊಟ್ಟಿತು. ಆದರೆ ಮಗುವನ್ನು ಅಲ್ಲಿಗೆ ತರುವುದು ಹೇಗೆ? ಬೆಳಿಗ್ಗೆ ಏಳೂವರೆಯ ಕಿಕ್ಕಿರಿದ ವ್ಯಾನಿನಲ್ಲಿ ನಿಂತು ಬರುವವಳ ಕಂಕುಳಲ್ಲಿ ಒಂದು ವರ್ಷದ ಕೂಸಿಗೆ ಜಾಗವಿಲ್ಲ. ನಾಲ್ಕು ಬಾರಿ ಎದ್ದು ಹೋದರೆ ಗಂಟೆಯ ಪೀಸ್ ಲೆಕ್ಕ ತಪ್ಪುತ್ತದೆ, ಅದಕ್ಕೆ ಉತ್ತರ ಕೊಡಬೇಕಾದವಳು ಅವಳೇ. ಟಾರ್ಗೆಟ್ ಹಾಕುವಾಗಲೇ ಆ ನಾಲ್ಕು ಭೇಟಿಯ ನಿಮಿಷಗಳನ್ನು ಕಳೆದು ಹಾಕುವ, ವ್ಯಾನಿನಲ್ಲಿ ತಾಯಂದಿರಿಗೆ ಸೀಟು ಮೀಸಲಿಡುವ ಘಟಕದಲ್ಲಿ ಮಾತ್ರ ಆ ಕೊಠಡಿಯ ತೊಟ್ಟಿಲುಗಳು ತುಂಬಿಯಾವು.